ನಮ್ಮ ಲಿಫ್ಟ್ ಇನ್ನೂ ಹುಟ್ಟಿಲ್ಲವಂತೆ

ಲಿಫ್ಟ್ ಕಂಪನಿಯ ಅಪಾಯ ಅಂದಾಜು ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ಮಂಡಿಗಳು ಗಟ್ಟಿಯಾಗಿವೆಯೆಂದೂ ನಂಬಿ, ಏಳನೇ ಮಹಡಿಯಿಂದ ಅನಂತ ನಮಸ್ಕಾರಗಳು.

ನಮ್ಮ ಲಿಫ್ಟ್ ತನ್ನ ಪ್ರತಿಯೊಂದು ಓಡಾಟವನ್ನೂ ಎಣಿಸುತ್ತದೆ. ಆ ಎಣಿಕೆಗೆ ತಾವು ಕೊಟ್ಟ ಜಾಗ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳರವರೆಗೆ ಮಾತ್ರ; ಅದರ ಮೇಲೆ ಒಂದು ಸೇರಿದರೆ ಲೆಕ್ಕ ತಲೆಕೆಳಗಾಗಿ ಮೈನಸ್ಸಿಗೆ ಜಾರುತ್ತದಂತೆ. ಅಂಥ ದಿನ ಬರಲು ಹದಿನೆಂಟು ವರ್ಷ ಬೇಕೆಂದು ತಾವು ಅಂದಾಜಿಸಿದ್ದಿರಿ. ತಾವು ಓಡಾಟ ಎಣಿಸಲು ಬಂದ ದಿನ ಇಡೀ ಕಟ್ಟಡದಲ್ಲಿ ಕಾವಲುಗಾರ ಮತ್ತು ಬಣ್ಣ ಬಳಿಯುವವನ ಹೊರತು ನರಪಿಳ್ಳೆಯೂ ಇರಲಿಲ್ಲ. ನೆಂಟರು ಬರುವ ಮೊದಲೇ ಅಕ್ಕಿ ಅಳೆದು ಒಲೆ ಆರಿಸುವ ಈ ಜಾಣತನ ಎಲ್ಲರಿಗೂ ಒಲಿಯುವುದಿಲ್ಲ. ಈಗ ಎಲ್ಲ ಮನೆಗಳೂ ತುಂಬಿವೆ. ಮೂರನೇ ಮಹಡಿಯ ಟ್ಯೂಷನ್ ಮಕ್ಕಳೇ ಲಿಫ್ಟಿಗೆ ಉಸಿರಾಡಲು ಬಿಡುವುದಿಲ್ಲ. ಹೀಗಾಗಿ ತಮ್ಮ ಹದಿನೆಂಟು ವರ್ಷ ಎರಡೇ ವರ್ಷಕ್ಕೆ ಮುಗಿದು, ಕಳೆದ ವಾರ ಲಿಫ್ಟ್ ನಿಂತಿತು.

ಕೆಟ್ಟು ನಿಂತಿಲ್ಲ, ವಿವೇಚನೆಯಿಂದ ನಿಂತಿದೆ. ಓಡಾಟ ಸೊನ್ನೆಗಿಂತ ಕಡಿಮೆಯಿರುವುದರಿಂದ ತನಗಿನ್ನೂ ಉದ್ಘಾಟನೆಯೇ ಆಗಿಲ್ಲ, ಜನರನ್ನು ಹತ್ತಿಸಿಕೊಳ್ಳುವಂತಿಲ್ಲ ಎಂದು ಅದು ತೀರ್ಮಾನಿಸಿದೆಯೆಂದು ತಮ್ಮ ಮೆಕ್ಯಾನಿಕ್ ವಿವರಿಸಿದರು. ಓಡಾಡಿದರೆ ಸೊನ್ನೆಗೆ ಬರುತ್ತದೆ, ಸೊನ್ನೆಗೆ ಬಂದರೆ ಓಡಾಡುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೈಯಾರೆ ಸೊನ್ನೆ ಮಾಡಲು ತಮ್ಮ ಅಪ್ಪಣೆ ಬೇಕಂತೆ. ಕೇಳಿದ್ದಕ್ಕೆ, ಅಂದಾಜಿನ ಪ್ರಕಾರ ಈ ತೊಂದರೆ ಇನ್ನೂ ಬಂದಿಲ್ಲವಾದ್ದರಿಂದ ಹದಿನಾರು ವರ್ಷದ ನಂತರ ಅರ್ಜಿ ಹಾಕಿ ಎಂದು ತಮ್ಮ ಕಚೇರಿ ಸೌಜನ್ಯದಿಂದ ಉತ್ತರಿಸಿದೆ.

ರಸ್ತೆಯಾಚೆಯ ಎದುರು ಮನೆಯಲ್ಲಿ ಅಕ್ಕನ ಜೊತೆ ಇರುವ ನಮ್ಮತ್ತೆ, ಲಿಫ್ಟ್ ನಿಂತ ದಿನ ಊಟಕ್ಕೆಂದು ಬಂದವರು, ಮಂಡಿನೋವಿಗೆ ಮೆಟ್ಟಿಲಿಳಿಯಲಾರದೆ ನಮ್ಮಲ್ಲೇ ಉಳಿದಿದ್ದಾರೆ. "ಉಪ್ಪಿನ ಡಬ್ಬಿ ಇಡೋ ಜಾಗವೇನಮ್ಮಾ ಇದು?" ಎನ್ನುತ್ತ ನನ್ನ ಅಡುಗೆಮನೆಯನ್ನು ಬುಡಮೇಲು ಮಾಡಿದ್ದಾರೆ, ಅದನ್ನು ಹೇಗೋ ಸಹಿಸಿಕೊಂಡೇನು. ಆದರೆ ಹಾಸಿಗೆ ಹಿಡಿದಿರುವ ಆ ಅಕ್ಕನಿಗೆ ದಿನವೂ ತಲೆ ಬಾಚುತ್ತಿದ್ದವರು ಇವರೇ. ಈಗ ಬಾಲ್ಕನಿಯಲ್ಲಿ ನಿಂತು ಆ ಕಿಟಕಿಯತ್ತ ಕೈಬೀಸುತ್ತಾರೆ. ನನಗೆ ಅಳು ಬರುತ್ತದೆ ಮಾನ್ಯರೇ, ಆಮೇಲೆ ತಮ್ಮ ನೆನಪು ಬರುತ್ತದೆ.

ಆದ್ದರಿಂದ ದಯಮಾಡಿ ಎಣಿಕೆಯನ್ನು ಸೊನ್ನೆ ಮಾಡಿಸಿ. ಅದು ತಮ್ಮ ಅಂದಾಜಿಗೆ ಅವಮಾನವೆನಿಸಿದರೆ ಖುದ್ದಾಗಿ ಬಂದು ಅತ್ತೆಯನ್ನು ಉಪ್ಪುಮೂಟೆ ಹೊತ್ತು ಇಳಿಸಬೇಕು. ಇಲ್ಲವೇ ಎದುರು ಮನೆಯನ್ನು ಏಳನೇ ಮಹಡಿಗೆ ಎತ್ತಿ ಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಏಳನೇ ಮಹಡಿಯ ಸೊಸೆ

ತಾ.ಕ.: ಇದನ್ನು ಬರೆದು ಮುಗಿಸುವಷ್ಟರಲ್ಲಿ ಯಾರದೋ ಮನೆಗೆ ಸೋಫಾ ಹೊತ್ತು ತಂದವರು ಅತ್ತೆಯನ್ನು ಕುರ್ಚಿ ಸಮೇತ ಇಳಿಸಿದರು. ನಾಳೆ ಬೆಳಿಗ್ಗೆ ಅಕ್ಕನ ತಲೆ ಬಾಚಿ, ಅತ್ತೆ ತಮ್ಮನ್ನು ಕಾಣಲು ಒಂಬತ್ತನೇ ಮಹಡಿಯ ತಮ್ಮ ಕಚೇರಿಗೆ ಬರುತ್ತಾರೆ. ಅಲ್ಲಿಯ ಲಿಫ್ಟಿನ ಎಣಿಕೆಯೂ ನಾಳೆ ಮಧ್ಯಾಹ್ನಕ್ಕೇ ತುಂಬುವುದರಲ್ಲಿದೆಯೆಂದು ಮೆಕ್ಯಾನಿಕ್ ಗುಟ್ಟಾಗಿ ಹೇಳಿದರು. ಅತ್ತೆಯ ಬಟ್ಟೆಬರೆಯ ಚೀಲವನ್ನೂ ಜೊತೆಗೆ ಕಳಿಸುತ್ತಿದ್ದೇನೆ.