ಆಟ ಕಲಿತವನಿಗೆ ಕೆಲಸ ಕೊಟ್ಟವರು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಇದುವರೆಗೆ ಬರೆದದ್ದೆಂದರೆ ಕೆಲಸದ ಅರ್ಜಿಗಳು ಮಾತ್ರ. ಅವನ್ನೂ ಯಾರೂ ಪೂರ್ತಿ ಓದಿದಂತಿಲ್ಲ. ನಗುವ ಸಂಗತಿಯನ್ನು ವಿವರಿಸಿ ವಿವರಿಸಿ ನಗು ಬಾರದಂತೆ ಮಾಡುತ್ತೇನೆ ಎಂದು ಅಮ್ಮನೇ ಹೇಳುತ್ತಾಳೆ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ಬಸ್ಸು ಹತ್ತಿಳಿದು ಆಟದ ಕೆಲಸ ಹುಡುಕುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಯಾರಾದರೂ ಬರೆದಿಡಬೇಕಲ್ಲ.

ಹಿನ್ನೆಲೆ ಹೇಳದಿದ್ದರೆ ಅರ್ಥವಾಗುವುದಿಲ್ಲ. ನಾನು ಡಿಗ್ರಿ ಮುಗಿಸಿ, ಅದರ ಮೇಲೆ ಬಿ.ಪಿ.ಎಡ್. ಮಾಡಿದವನು. ಅಂದರೆ ಆಟ ಕಲಿಸುವುದನ್ನು ಕಲಿತವನು. ಬೊಂಬಾಯಿಯಲ್ಲಿ ನನ್ನ ಸೋದರಮಾವನ ಹೋಟೆಲಿದೆ. "ಒಂದು ವರ್ಷದೊಳಗೆ ಆಟದ ಕೆಲಸ ಸಿಕ್ಕಿ ಗಟ್ಟಿಯಾದರೆ ಸರಿ, ಇಲ್ಲದಿದ್ದರೆ ಸೀದಾ ಇಲ್ಲಿಗೆ ಬಾ" ಎಂದು ಮಾವ ಗಡುವು ಕೊಟ್ಟಿದ್ದರು. ಆ ಹೋಟೆಲಿನಲ್ಲಿ ಆಗಲೇ ಇಬ್ಬರು ಬಿ.ಎ., ಒಬ್ಬ ಬಿ.ಕಾಂ. ಇಡ್ಲಿ ಹಂಚುತ್ತಿದ್ದರು. ನಾಲ್ಕನೆಯವನಾಗಲು ನನಗೆ ಮನಸ್ಸಿರಲಿಲ್ಲ.

೧. ಬ್ಯಾಟು ಕಳೆದುಕೊಂಡವ

ಮೊದಲು ಹೋದದ್ದು ಕುಂದಾಪುರದ ಒಂದು ಕ್ರೀಡಾ ಸಾಮಗ್ರಿ ಅಂಗಡಿಗೆ. ಬಿ.ಪಿ.ಎಡ್. ಎಂದ ಕೂಡಲೇ ಮಾಲೀಕರ ಮುಖ ಸಪ್ಪಗಾಯಿತು.

"ಆಡುಕ್ ಗೊತ್ತಿಪ್ಪರ್ ನಂಗ್ ಬ್ಯಾಡ ಮಾರಾಯಾ. ಅವ್ರ್ ಗಿರಾಕಿಗೆ ನಿಜ ಹೇಳ್ತ್ರ್."

ಆದರೂ ಒಂದು ವಾರ ಕಾಣುವ ಎಂದರು. ಅಲ್ಲಿ ಬ್ಯಾಟು, ಬಾಲಿಗಿಂತ ಹೆಚ್ಚು ಹೋಗುತ್ತಿದ್ದದ್ದು ಟ್ರೋಫಿ. ನಮ್ಮ ಕಡೆ ಟ್ರೋಫಿ ಮನುಷ್ಯನ ಸೊಂಟದವರೆಗಾದರೂ ಬಾರದಿದ್ದರೆ ಪಂದ್ಯಕ್ಕೆ ತಂಡಗಳೇ ಬರುವುದಿಲ್ಲ. ಟ್ರೋಫಿಯ ತುದಿಯಲ್ಲಿ ಆಯಾ ಆಟದ ಒಂದು ಗೊಂಬೆ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ದಿನ ಇಬ್ಬರು ವಾಲಿಬಾಲ್ ಟ್ರೋಫಿ ಕೇಳಿಕೊಂಡು ಬಂದರು. ಇದ್ದವೆಲ್ಲ ಕ್ರಿಕೆಟಿನವು, ಎರಡು ಕೈಯಲ್ಲಿ ಬ್ಯಾಟನ್ನು ತಲೆಯ ಮೇಲೆತ್ತಿ ನಿಂತ ಗೊಂಬೆಯವು. "ವಾಲಿಬಾಲಿನದು ಖಾಲಿ" ಎಂದೆ. ಮಾಲೀಕರು ನನ್ನನ್ನು ದುರುಗುಟ್ಟಿ ನೋಡಿ, ಒಂದು ಟ್ರೋಫಿಯನ್ನು ಎತ್ತಿಕೊಂಡು ಕೌಂಟರಿನ ಕೆಳಗೆ ಬಗ್ಗಿದರು. ಟಕ್ ಎಂದು ಸದ್ದಾಯಿತು. ಎದ್ದಾಗ ಗೊಂಬೆಯ ಕೈ ಮಾತ್ರ ಮೇಲಿತ್ತು, ಬ್ಯಾಟಿರಲಿಲ್ಲ.

"ಕಾಣಿ, ವಾಲಿಬಾಲ್. ಬ್ಲಾಕ್ ಮಾಡ್ತಾ ಇದ್ದ."

"ಕಾಲಿಗೆ ಪ್ಯಾಡ್ ಇದೆಯಲ್ಲ" ಎಂದು ನಾನು ಬಾಯಿಬಿಟ್ಟೆ. ಆ ಮಾತಿಗೆ ನನ್ನ ಕೆಲಸ ಹೋಯಿತು. ಗಿರಾಕಿಗಳಿಗೆ ಏನೂ ಅನ್ನಿಸಲಿಲ್ಲ.

"ಇರ್ಲಿ ಬಿಡಿ. ನಮ್ ಗ್ರೌಂಡಂಗೆ ಕಲ್ಲ್ ಜಾಸ್ತಿ."

೨. ಸೋತವರಿಗೆ ಮುಂಗಡ ಸಮಾಧಾನ

ಬೈಂದೂರು ಕಡೆಯ ಒಂದು ಯುವಕ ಮಂಡಲದವರು ಕಬಡ್ಡಿ ಪಂದ್ಯ ಇಟ್ಟುಕೊಂಡಿದ್ದರು. "ಇದನ್ನು ಚಂದದಲ್ಲಿ ಮಾಡಿಸಿಕೊಡು, ವರ್ಷವಿಡೀ ನಮ್ಮ ತಂಡಕ್ಕೆ ನೀನೇ ತರಬೇತುದಾರ" ಎಂದು ಅಧ್ಯಕ್ಷರು ಹೇಳಿದ್ದರಿಂದ ಎರಡು ದಿನ ಅಂಗಳ ಅಳೆದು, ಬಿಳಿ ಗೆರೆ ಎಳೆದು, ನಿಯಮ ಪುಸ್ತಕ ಹಿಡಿದು ಕಾದೆ.

ಫೈನಲ್ ಶುರುವಾಗಬೇಕು, ಅಷ್ಟರಲ್ಲಿ ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. ಅವರಿಗೆ ಇನ್ನೊಂದು ಕಡೆ ಮದುವೆಯ ಊಟವಿತ್ತು. ಅತಿಥಿಯನ್ನು ಬಹುಮಾನ ಕೊಡಿಸದೆ ಕಳಿಸಿದರೆ ಮಂಡಲದ ಮರ್ಯಾದೆಯ ಪ್ರಶ್ನೆ. ಆದ್ದರಿಂದ ಬಹುಮಾನ ಮೊದಲು, ಪಂದ್ಯ ಆಮೇಲೆ ಎಂದಾಯಿತು.

"ಯಾರಿಗೆ ಕೊಡುವುದು?" ಎಂದೆ.

ಫೋಟೋದವರು ಎರಡೂ ತಂಡಗಳನ್ನು ಕ್ಯಾಮರಾದಲ್ಲಿ ನೋಡಿ, "ಕೆಂಪ್ ಅಂಗಿಯರ್ ಲಾಯ್ಕ್ ಕಾಣ್ತ್ರ್" ಎಂದರು. ಕೆಂಪು ಅಂಗಿಯವರಿಗೆ ಟ್ರೋಫಿ, ಹಾರ, ಫೋಟೋ ಎಲ್ಲ ಆಯಿತು. "ಸೋತವರು ಬೇಸರ ಮಾಡಬಾರದು, ಸೋಲೇ ಗೆಲುವಿನ ಮೆಟ್ಟಿಲು" ಎಂದು ಅತಿಥಿಗಳು ಇನ್ನೂ ಆಡದೆ ನಿಂತಿದ್ದ ಹಳದಿ ಅಂಗಿಯವರಿಗೆ ಸಮಾಧಾನ ಹೇಳಿ ಊಟಕ್ಕೆ ಹೋದರು.

ಫೈನಲ್ ನಡೆಯಿತು. ಹಳದಿ ಅಂಗಿಯವರು ಗೆದ್ದರು. ಕೆಂಪಿನವರು ಟ್ರೋಫಿಯನ್ನು ತಬ್ಬಿಕೊಂಡು, "ಕೊಟ್ಟದ್ದನ್ ವಾಪಸ್ ಕೇಂತ್ರ್ಯಾ? ನಾಚ್ಕಿ ಇಲ್ಯಾ?" ಎಂದು ಟೆಂಪೋ ಹತ್ತಿದರು. ಅಧ್ಯಕ್ಷರು ಎಲ್ಲರ ಎದುರು ನನ್ನ ಕಡೆಗೆ ತಿರುಗಿದರು:

"ಗೆಲ್ಲುದ್ ಯಾರಂದ್ ಮುಂಚೆ ಹೇಳುಕ್ ಆತಿಲ್ಯಾ ನಿಂಗೆ? ಮತ್ತ್ ಕಾಲೇಜಂಗೆ ಎಂತ ಕಲ್ತದ್?"

೩. ಜಿಮ್ಮಿನ ಫೋಟೋ

ಇದು ಸಣ್ಣದು. ಹಾಲಾಡಿ ಪೇಟೆಯಲ್ಲಿ ಹೊಸದಾಗಿ ಜಿಮ್ಮು ತೆರೆದವರೊಬ್ಬರು ನನ್ನನ್ನು ಒಂದು ಸುತ್ತು ಬಂದು ನೋಡಿ, ಕೆಲಸ ಇದೆ ಎಂದರು. ತರಬೇತುದಾರನ ಕೆಲಸವೇ ಎಂದು ಕೇಳಿದೆ.

"ಅಲ್ಲ. ‘ಸೇರುವ ಮೊದಲು’ ಅಂದ್ ಒಂದ್ ಫೋಟೋ ಹಾಕುಕಿತ್ತ್. ಅದ್ಕೆ."

೪. ದೇವರ ಚೆಂಡು

ಗಡುವಿಗೆ ಐದು ತಿಂಗಳು ಉಳಿದಿರುವಾಗ ಬ್ರಹ್ಮಾವರದ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹುದ್ದೆ: ಕ್ರೀಡಾ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇದ್ದದ್ದು ನಾನು ಮತ್ತು ಒಂದು ಫುಟ್‌ಬಾಲ್. ದಸರಾ ಕಳೆದು ಬರುವ ಅಂತರಶಾಲಾ ಪಂದ್ಯ ನೋಡಿ ಕೆಲಸ ಖಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನಿಸುತ್ತೇವೆ ಎಂದರು ಶಾಲೆಯ ಸಂಚಾಲಕರು.

ಫುಟ್‌ಬಾಲು ಇದ್ದದ್ದು ಸಂಚಾಲಕರ ಕೋಣೆಯ ಗಾಜಿನ ಕಪಾಟಿನಲ್ಲಿ. ಬೀಗ ಹಾಕಿತ್ತು. ಕೇಳಿದಾಗಲೆಲ್ಲ, "ಒದ್ರೆ ಹಾಳಾತ್ತಲೆ" ಎನ್ನುತ್ತಿದ್ದರು. ನಾಲ್ಕು ತಿಂಗಳು ಮಕ್ಕಳನ್ನು ಬರೇ ಓಡಿಸಿದೆ.

ಕೊನೆಗೆ ಆಯುಧಪೂಜೆಯ ದಿನ ಚೆಂಡು ಹೊರಗೆ ಬಂತು. ಶಾಲೆಯ ಬಸ್ಸು, ಕಂಪ್ಯೂಟರು, ಅದರ ಪಕ್ಕದಲ್ಲಿ ಚೆಂಡು. ಗಂಧ, ಕುಂಕುಮ, ಸೇವಂತಿಗೆ ಹಾರ, ಮಂಗಳಾರತಿ. ಆಯಿತಲ್ಲ, ಇನ್ನು ಆಡಬಹುದು ಎಂದು ರಜೆ ಮುಗಿದ ದಿನವೇ ಅದನ್ನು ಮೈದಾನಕ್ಕೆ ಒಯ್ದೆ. ಒಬ್ಬ ಹುಡುಗ ಒದೆಯಲು ಕಾಲೆತ್ತಿದ್ದಷ್ಟೇ, ಸಂಚಾಲಕರು ಪಂಚೆ ಎತ್ತಿಕೊಂಡು ಓಡಿ ಬಂದರು.

"ಹ್ವಾಯ್ ಮಾಸ್ಟ್ರೇ! ಪೂಜಿ ಆದದ್ದನ್ನ್ ಕಾಲಂಗೆ ಒದುದಾ?"

"ಸರ್, ಬಸ್ಸಿಗೂ ಪೂಜೆ ಆಗಿದೆ. ಓಡಿಸುತ್ತೇವಲ್ಲ?"

"ಬಸ್ಸನ್ನ್ ಯಾರಾರೂ ಒದಿತ್ರಾ?"

ಪಂದ್ಯಕ್ಕೆ ಮೂರೇ ವಾರ ಇತ್ತು. ಅತ್ತ ಮಾವ ಫೋನಿನಲ್ಲಿ ದಿನ ಎಣಿಸುತ್ತಿದ್ದರು. ನಾನು ಸಂಚಾಲಕರ ಕೈಕಾಲು ಹಿಡಿದು ಒಂದು ಒಪ್ಪಂದಕ್ಕೆ ತಂದೆ: ಒದೆಯಬಹುದು, ಆದರೆ ಪುಸ್ತಕಕ್ಕೆ ಕಾಲು ತಾಗಿದರೆ ಮಾಡುವ ಹಾಗೆ, ಒದೆಯುವ ಮೊದಲು ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಸಂಚಾಲಕರು ಮೂರು ವಾರವೂ ಕುರ್ಚಿ ಹಾಕಿಸಿಕೊಂಡು ಕುಳಿತು ನೋಡಿದರು. ಮಕ್ಕಳು ಒಂದು ಸಲವೂ ತಪ್ಪಲಿಲ್ಲ.

ಪಂದ್ಯ ನಿನ್ನೆ ಆಯಿತು. ಅಲ್ಲಿಯದು ಬೇರೆ ಚೆಂಡು, ಅದಕ್ಕೆ ಯಾರೂ ಪೂಜೆ ಮಾಡಿರಲಿಲ್ಲ. ನೂರು ಸಲ ಹೇಳಿದ್ದೆ. ಆದರೆ ಅಭ್ಯಾಸ ಎಂಬುದೊಂದು ಇದೆಯಲ್ಲ. ಚೆಂಡು ಬಂದ ಕೂಡಲೇ ನಮ್ಮ ಹುಡುಗ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. ರೆಫರಿ ಸೀಟಿ ಊದಿದರು. ಇನ್ನೊಬ್ಬ ಮುಟ್ಟಿದ, ಮತ್ತೆ ಸೀಟಿ. ಒಂಬತ್ತು ಗೋಲಿನಿಂದ ಸೋತೆವು. ಸಂಚಾಲಕರು ಸೀದಾ ಹೋಗಿ ಕಾರು ಹತ್ತಿದರು.

ಈಗ ಸ್ಟಾಫ್ ರೂಮಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಬೊಂಬಾಯಿ ಬಸ್ಸಿಗೆ ಸೀಟು ಕಾದಿರಿಸಲೇ ಎಂದು ಮಾವ ಬೆಳಿಗ್ಗೆಯೇ ಕೇಳಿದ್ದಾರೆ. ಇವತ್ತು ಸಂಚಾಲಕರು ಏನು ಹೇಳುತ್ತಾರೋ ನೋಡಿ ತಿಳಿಸುತ್ತೇನೆ ಎಂದಿದ್ದೇನೆ. ರೆಫರಿ ಯಾಕೆ ಸೀಟಿ ಊದಿದರು ಎಂದು ಫುಟ್‌ಬಾಲ್ ನೋಡದವರಿಗೆ ಅರ್ಥವಾಗಿರಲಿಕ್ಕಿಲ್ಲ, ಅದನ್ನು ಸ್ವಲ್ಪ ವಿವರಿಸಬೇಕು. ಆ ಆಟದಲ್ಲಿ ಗೋಲು ಕಾಯುವವನೊಬ್ಬನನ್ನು ಬಿಟ್ಟು ಉಳಿದ ಹತ್ತು ಮಂದಿ

ತಡೆಯಿರಿ, ಶಾಲೆಯ ಆಯಾ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ.

"ಮಾಸ್ಟ್ರೇ, ಸಂಚಾಲಕ್ರ್ ಕರಿತ್ರ್, ಬೇಗ ಬನ್ನಿ. ದೇವ್ರ್ ಚೆಂಡನ್ ಒದ್ದದ್ದಕ್ಕೇ ಸೋತದ್ದಂಬ್ರ್. ಶುದ್ಧ ಮಾಡುಕೆ ಭಟ್ರ್ ಬಂದಿರ್. ಇನ್ ವರ್ಷ ವರ್ಷವೂ ಪೂಜಿಗೆ ಚೆಂಡ್ ಹಿಡ್ಕಂಡ್ ಕೂಕಂಬುಕೆ ಒಬ್ರ್ ಖಾಯಂ ಬೇಕಂಬ್ರ್. ಮಿಂದ್ಕಂಡ್ ಬಂದಿರ್ಯಾ ಅಂದ್ ಕೇಂತ್ರ್."

ಮಿಂದಿದ್ದೇನೆ. ಹೋಗಿ ಬರುತ್ತೇನೆ. ಎಲ್ಲಿದ್ದೆ? ಹಾಂ, ಉಳಿದ ಹತ್ತು ಮಂದಿ ಚೆಂಡನ್ನು ಕೈಯಲ್ಲಿ