ಮೂರನೇ ಕರಡಿನ ಕಂಪ್ಯೂಟರ್

ಅಚ್ಚಿನ ಕರಡು ತಿದ್ದಿ ಹೊಟ್ಟೆ ಹೊರೆಯುವ ಆ ಒಂಟಿ ಮನುಷ್ಯನ ಹಳೆಯ ಕಂಪ್ಯೂಟರ್ ಬೆಳಿಗ್ಗೆ ಗುರ್ರೆಂದು ಕಣ್ಣು ಮುಚ್ಚಿತು. ಮೆಟ್ಟಿಲಲ್ಲಿ ಸಿಕ್ಕ ಹಲ್ಲಿನ ಡಾಕ್ಟರನ್ನು, ಹೊಸದನ್ನು ಜೋಡಿಸಲು ಮುಂದೆ ಏನೇ ಬಂದರೂ ಹಳತಾಗದಂಥ ಭಾಗಗಳು ಯಾವುವು ಎಂದು ಕೇಳಿದ್ದೇ ತಪ್ಪಾಯಿತು.

ಡಾಕ್ಟರು ಒಳಗೇ ಬಂದು ಇದ್ದೊಂದು ಕುರ್ಚಿಯಲ್ಲಿ ಕುಳಿತರು. ಸುದ್ದಿ ತಿಳಿದು ಕೆಳಮನೆಯ ದರ್ಜಿ ಬಂದ. ಎದುರುಮನೆಯ ನಿವೃತ್ತ ಹೆಡ್‌ಮಿಸ್ಸು ಕುರ್ಚಿ ಸಮೇತ ಬಂದರು. ಡಾಕ್ಟರು ಮೆಮೊರಿ ದುಪ್ಪಟ್ಟಿರಲಿ ಎಂದರು. ಬೆಳೆಯುವ ಮಕ್ಕಳ ಅಂಗಿಗೆ ಒಳಗೆ ಬಟ್ಟೆ ಬಿಡುವಂತೆ ಪೆಟ್ಟಿಗೆಯೊಳಗೂ ಜಾಗ ಬಿಡಬೇಕೆಂದು ದರ್ಜಿಯ ವಾದ. ಹೆಡ್‌ಮಿಸ್ಸು ಎಲ್ಲವನ್ನೂ ಪಟ್ಟಿ ಮಾಡಿ ಗೆರೆ ಎಳೆದರು. ಮೂವರೂ ಎದ್ದರು.

ನಮ್ಮವನು ಬಾಗಿಲಿಗೆ ಅಡ್ಡ ನಿಂತ. ಆ ಕೋಣೆಯಲ್ಲಿ ನಾಲ್ಕು ಜನ ಕೂತು ಮಾತಾಡಿ ಎಷ್ಟು ವರ್ಷವಾಗಿತ್ತೋ, ಅವನಿಗೇ ನೆನಪಿರಲಿಲ್ಲ. ಅವರು ಹೋಗುವುದು ಅವನಿಗೆ ಬೇಡವಾಗಿತ್ತು.

"ನಮ್ಮ ಕಸುಬಲ್ಲಿ ಮೂರನೇ ಕರಡು ನೋಡ್ದೆ ಯಾವುದೂ ಅಚ್ಚಿಗೆ ಹೋಗಲ್ಲ," ಎಂದು ಕೆಂಪು ಪೆನ್ನು ತೆಗೆದ.

ಪಟ್ಟಿಯ ಮೊದಲ ಕರಡಿನಲ್ಲಿ ಫ್ಯಾನು ಸಾಲದೆಂದ, ಎರಡನೆಯದರಲ್ಲಿ ಹೆಚ್ಚಾಯಿತೆಂದ. ಪ್ರೊಸೆಸರ್ ವಿಷಯಕ್ಕೆ ಡಾಕ್ಟರಿಗೂ ದರ್ಜಿಗೂ ಮಾತಿಗೆ ಮಾತು ಬೆಳೆದಾಗ, ಆ ಬೆಂಕಿಗೆ ಇನ್ನೊಂದಿಷ್ಟು ತುಪ್ಪ ಸುರಿದು ಚಹಾಕ್ಕೆ ನೀರಿಟ್ಟ. ಮೂರನೆಯದರಲ್ಲಿ ಮುಗಿಯಬೇಕಾದದ್ದು ಮಧ್ಯಾಹ್ನಕ್ಕೆ ಏಳನೆಯದಕ್ಕೆ ಬಂದಿತ್ತು. ಡಾಕ್ಟರನ್ನು ಹುಡುಕಿಕೊಂಡು ಬಂದ ರೋಗಿಯೊಬ್ಬ ಊದಿದ ಕೆನ್ನೆ ಹಿಡಿದುಕೊಂಡೇ ಮದರ್‌ಬೋರ್ಡಿನ ಬಗ್ಗೆ ಸನ್ನೆಯಲ್ಲಿ ಸಲಹೆ ಕೊಟ್ಟ.

ಕೊನೆಗೆ ಹೆಡ್‌ಮಿಸ್ಸಿನ ತಾಳ್ಮೆ ತಪ್ಪಿತು. ಕಂಪ್ಯೂಟರ್ ರಿಪೇರಿಯವಳಿಗೆ ತಾವೇ ಫೋನ್ ಮಾಡಿ, ಇರುವುದರಲ್ಲಿ ಗಟ್ಟಿಯಾದದ್ದನ್ನೇ ತರಲು ಹೇಳಿದರು. ಆಕೆ ಸಂಜೆಯೊಳಗೆ ಜೋಡಿಸಿಯೂ ಬಿಟ್ಟಳು. ಎಲ್ಲರೂ ಪರದೆ ನೋಡಿ, ಭೇಷ್ ಎಂದು, ಅವರವರ ಮನೆ ಸೇರಿದರು.

ಕೋಣೆ ಬಿಕೋ ಎಂದಿತು. ಹಳೆಯ ಯಂತ್ರವಾದರೂ ಗೊಣಗುತ್ತಿತ್ತು, ಇದಕ್ಕೆ ಉಸಿರೂ ಇಲ್ಲ. ಅವನಿಗೆ ತಡೆಯಲಾಗಲಿಲ್ಲ. ಬೇಕೆಂದೇ ಪರದೆಯ ಚಿತ್ರವನ್ನು ತಲೆಕೆಳಗು ಮಾಡಿ ರಿಪೇರಿಯವಳಿಗೆ ಫೋನ್ ಹಚ್ಚಿದ. ಕೆಟ್ಟಿದೆ, ಈಗಲೇ ಬನ್ನಿ, ಬರುವಾಗ ಉಳಿದವರನ್ನೂ ಕೂಗಿಬಿಡಿ ಎಂದ.

"ಹಾಗೇ ಇರಿ ಸಾರ್, ಏನೂ ಮುಟ್ಬೇಡಿ," ಎಂದಳು ಆಕೆ.

ಅವನು ಓಡಿಹೋಗಿ ಬಾಗಿಲು ತೆರೆದಿಟ್ಟು, ಮಂಚದ ಹೊದಿಕೆ ಸರಿಮಾಡಿದ. ತಿರುಗಿ ನೋಡಿದರೆ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡುತ್ತಿತ್ತು. ನೋಡನೋಡುತ್ತಲೇ ಚಿತ್ರ ನೆಟ್ಟಗಾಯಿತು.

"ಸರಿ ಹೋಯ್ತಲ್ಲ?" ಫೋನಿನಲ್ಲಿ ಆಕೆಯ ದನಿಯಲ್ಲಿ ಹೆಮ್ಮೆಯಿತ್ತು. "ಏನೇ ಆದ್ರೂ ನಮ್ಮ ಅಂಗಡಿಯಿಂದ್ಲೇ ಸರಿಮಾಡೋ ಹಾಗೆ ಇಟ್ಟಿದೀನಿ. ಇನ್ನು ಮುಂದೆ ನಿಮ್ಮ ಮನೆಗೆ ಯಾರೂ ಬರೋ ಅಗತ್ಯನೇ ಇಲ್ಲ ಸಾರ್."