ದಾಸ್ತಾನು ಪುಸ್ತಕದಲ್ಲಿ ಮೇಷ್ಟ್ರ ಕಿವಿ

ಬೆಟ್ಟದ ರಾಷ್ಟ್ರೀಯ ಉದ್ಯಾನದಲ್ಲಿ ಡೇರೆ ಹಾಕಿಕೊಂಡು ತಂಗಲು ಒಟ್ಟು ಹನ್ನೊಂದು ಶಿಬಿರತಾಣಗಳಿದ್ದು, ಅವುಗಳಲ್ಲಿ ಸದ್ದಿಲ್ಲದ್ದು ಯಾವುದೆಂಬ ಮಾಹಿತಿ ಉದ್ಯಾನದ ಕಚೇರಿಯಲ್ಲಿ ಇರಲಿಲ್ಲ. ಯಾರೂ ಕೇಳಿರಲಿಲ್ಲವಾದ್ದರಿಂದ ಇದನ್ನು ಲೋಪವೆಂದು ಪರಿಗಣಿಸತಕ್ಕದ್ದಲ್ಲ.

ಕೊನೆಗೆ ಕೇಳಿದವಳು ಅದೇ ಕಚೇರಿಯ ಟಪಾಲು ಗುಮಾಸ್ತೆ. ಅವಳ ಗಂಡ ಶಾಲೆಯಲ್ಲಿ ಮಕ್ಕಳಿಗೆ ಕಹಳೆ ಕಲಿಸುವ ಮೇಷ್ಟ್ರು. ಇಪ್ಪತ್ತೆರಡು ವರ್ಷ ಹೊಸಬರ ಎದುರು ನಿಂತೂ ನಿಂತೂ ಅವರ ಕಿವಿಯೊಳಗೆ ಒಂದು ಕೀರಲು ಸದ್ದು ಮನೆ ಮಾಡಿತ್ತು. ಹೆಂಡತಿ ಕರೆದರೆ ಮೇಷ್ಟ್ರು ಬಾಗಿಲು ತೆಗೆಯಲು ಹೋಗುತ್ತಿದ್ದರು. ಬಾಗಿಲು ಬಡಿದರೆ "ಬಂದೆ ಕಣೇ" ಎನ್ನುತ್ತಿದ್ದರು. ಮೊದಮೊದಲು ಇಬ್ಬರೂ ನಗುತ್ತಿದ್ದರು. ಆಮೇಲೆ ಅವಳು ಕರೆಯುವುದನ್ನೇ ಕಡಿಮೆ ಮಾಡಿದಳು.

"ಹತ್ತು ದಿನ ಸದ್ದಿಲ್ಲದ ಕಡೆ ಇಟ್ಟು ನೋಡಿ. ಇಲ್ಲದಿದ್ರೆ ಇದು ಜೀವನಪೂರ್ತಿ ಜೊತೆಗೇ ಇರತ್ತೆ," ಎಂದರು ಡಾಕ್ಟರು.

ಅವಳು ಹತ್ತು ದಿನದ ರಜೆಗೆ ಅರ್ಜಿ ಹಾಕಿದಳು. ಕಾರಣದ ಜಾಗದಲ್ಲಿ "ಪತಿಯೊಂದಿಗೆ ಕಾರಿನಲ್ಲಿ ಬೆಟ್ಟ ಸುತ್ತಿ, ಸದ್ದಿಲ್ಲದ, ನೋಟ ಚೆನ್ನಾಗಿರುವ ಶಿಬಿರತಾಣದಲ್ಲಿ ತಂಗಲು" ಎಂದು ನಮೂದಿಸಿದಳು. ಅಧೀಕ್ಷಕರು ಎರಡು ಸಲ ಓದಿದರು.

"ಅಂಥ ಜಾಗ ಯಾವುದಮ್ಮ?"

"ಅದನ್ನ ಕಚೇರಿಯವರೇ ಹೇಳಬೇಕು ಸಾರ್."

"ಕಚೇರಿಯವರು ಅಂದ್ರೆ ನೀವೇ ತಾನೆ?"

ರಜೆ ನಾಮಂಜೂರಾಯಿತು. ಬದಲಿಗೆ ಅವಳನ್ನು ಪ್ರಭಾರ ನಿಶ್ಶಬ್ದ ಶೋಧನಾಧಿಕಾರಿಯಾಗಿ ನೇಮಿಸಿ, ಹನ್ನೊಂದೂ ತಾಣಗಳನ್ನು ಅಳೆದು ಬರುವಂತೆ ಆದೇಶ ಹೊರಟಿತು. ಸದ್ದು ಅಳೆಯುವ ಯಂತ್ರ ಆರು ವರ್ಷದಿಂದ ದುರಸ್ತಿಯಲ್ಲಿತ್ತು.

"ಕರ್ತವ್ಯದ ಮೇಲೆ ಹೋಗುವಾಗ ಗಂಡನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಉಪಕರಣ ತಗೊಂಡು ಹೋಗಬಹುದು," ಎಂದರು ಉಗ್ರಾಣದ ಮೇಲ್ವಿಚಾರಕರು. ಅವರು ಅನುಭವಸ್ಥರು. ಮೇಷ್ಟ್ರ ಕಿವಿಗಳನ್ನು ದಾಸ್ತಾನು ಪುಸ್ತಕದಲ್ಲಿ "ಶ್ರವಣೋಪಕರಣ, ಒಂದು ಜೊತೆ, ಬಳಸಿದ್ದು" ಎಂದು ದಾಖಲಿಸಿ, ಬಲಗಿವಿಯ ಹಿಂದೆ ಕ್ರಮಸಂಖ್ಯೆಯ ಚೀಟಿ ಅಂಟಿಸಲಾಯಿತು.

"ಒದ್ದೆ ಮಾಡ್ಬೇಡಿ ಮೇಷ್ಟ್ರೇ, ಸರ್ಕಾರಿ ಆಸ್ತಿ."

"ಆಗಲಿ, ಅವರಿಗೂ ನಮಸ್ಕಾರ ಹೇಳಿ," ಎಂದರು ಮೇಷ್ಟ್ರು.

ಮೊದಲನೇ ತಾಣದಲ್ಲಿ "ಮೌನ ಕಾಪಾಡಿ" ಎಂಬ ಫಲಕಕ್ಕೆ ದೀಪ ಉರಿಸಲು ಜನರೇಟರ್ ಓಡುತ್ತಿತ್ತು. ಮೂರನೆಯದರಲ್ಲಿ ಶಿಖರ ಕಾಣುವ ಕಡೆಗೆ ಸರಿಯಾಗಿ ಅಡ್ಡಲಾಗಿ ಶಿಖರದ ದೊಡ್ಡ ಚಿತ್ರ ನಿಲ್ಲಿಸಿದ್ದರು. ಜನ ಸಾಲುಗಟ್ಟಿ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಐದನೆಯದರಲ್ಲಿ ಪಕ್ಕದ ಡೇರೆಯ ಗೃಹಸ್ಥರು, ಇಲ್ಲಿ ಎಷ್ಟು ಪ್ರಶಾಂತವಾಗಿದೆ ಎಂದು ಗಂಟಲು ಹರಿಯುವಂತೆ ಫೋನಿನಲ್ಲಿ ಬಂಧುಬಳಗಕ್ಕೆಲ್ಲ ತಿಳಿಸುತ್ತಿದ್ದರು.

ಒಂಬತ್ತನೆಯದು ಕಲ್ಲುದಾರಿಯ ತುದಿಯಲ್ಲಿತ್ತು. ಒಂದು ಪುಟ್ಟ ಸರೋವರ, ನೀರಿನಲ್ಲಿ ತಲೆಕೆಳಗಾಗಿ ನಿಂತ ಬೆಟ್ಟ. ನರಪಿಳ್ಳೆ ಇಲ್ಲ. ಮೇಷ್ಟ್ರು ಬಂಡೆಯ ಮೇಲೆ ಕೂತರು. ತುಂಬ ಹೊತ್ತಿನ ಮೇಲೆ, "ನಿಂತುಹೋಯ್ತು ಕಣೇ," ಎಂದರು.

ಅವಳು ನಂಬಲಿಲ್ಲ. ಹಿಂದೆ ಹೋಗಿ ನಿಂತು, ಉಸಿರಿನಷ್ಟೇ ಮೆಲ್ಲಗೆ, "ಚಹಾ ಮಾಡ್ಲಾ?" ಎಂದಳು.

"ಸಕ್ಕರೆ ಕಡಿಮೆ ಹಾಕು."

ಎರಡು ವರ್ಷದಲ್ಲಿ ಅವಳ ಪ್ರಶ್ನೆಗೆ ಸಿಕ್ಕ ಮೊದಲ ಸರಿಯುತ್ತರ. ಅವಳು ಮುಖ ತಿರುಗಿಸಿ ಸರೋವರ ನೋಡುತ್ತ ನಿಂತಳು. ಚಹಾ ಉಕ್ಕಿ ಒಲೆ ಆರಿತು.

ಚೆನ್ನಾಗಿದೆ ಎಂದು ಬರೆದರೆ ಜನ ನುಗ್ಗಿ ಈ ಜಾಗದ ಕತೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಹದಿನೆಂಟು ವರ್ಷದ ಸೇವೆಯಲ್ಲಿ ಒಂದು ಅಂಚೆಚೀಟಿಯನ್ನೂ ಸೊಟ್ಟಗೆ ಅಂಟಿಸದವಳು ಅಂದು ಸುಳ್ಳು ವರದಿ ಬರೆದು ಫೋನಿನಲ್ಲಿ ಕಳಿಸಿದಳು: "ಒಂಬತ್ತನೇ ತಾಣ: ವಿಪರೀತ ಗದ್ದಲ. ನೋಟ: ಹೇಳಿಕೊಳ್ಳುವಂಥದ್ದಲ್ಲ."

ಮಾರನೇ ಬೆಳಿಗ್ಗೆ ಹದಿನಾಲ್ಕು ಜೀಪು ಬಂದವು. ಅಧೀಕ್ಷಕರು ಧ್ವನಿವರ್ಧಕ ಹಿಡಿದು ಪ್ರಕಟಿಸಿದರು: "ಈ ತಾಣದಲ್ಲಿ ವಿಪರೀತ ಗದ್ದಲವಿರುವುದು ಇಲಾಖೆಯ ಗಮನಕ್ಕೆ ಬಂದಿದ್ದು, ಅದು ಸಂಪೂರ್ಣವಾಗಿ ಅಡಗುವವರೆಗೆ ಇಡೀ ಕಚೇರಿ ಇಲ್ಲಿಯೇ ಮೊಕ್ಕಾಂ ಹೂಡತಕ್ಕದ್ದು. ಸಾರ್ವಜನಿಕರು ಸಹಕರಿಸಬೇಕು." ಸಾರ್ವಜನಿಕರೆಂದರೆ ಮೇಷ್ಟ್ರೊಬ್ಬರೇ. ಅವರು ಕಿವಿ ಮುಚ್ಚಿಕೊಂಡು ಸಹಕರಿಸಿದರು.

ಅವಳು ಅಧೀಕ್ಷಕರ ಬಳಿ ಓಡಿದಳು. "ಸಾರ್, ತಪ್ಪಾಯ್ತು. ನಾನು ಬರೆದದ್ದು ಸುಳ್ಳು. ಇಲ್ಲಿ ಸದ್ದೇ ಇರಲಿಲ್ಲ."

ಅಧೀಕ್ಷಕರು ಸುತ್ತ ನೋಡಿದರು. ಸೀಟಿ, ಜೀಪು, ಧ್ವನಿವರ್ಧಕ, ಡೇರೆಯ ಗೂಟ ಬಡಿಯುವ ಇಪ್ಪತ್ತಾರು ಮಂದಿ ಸಿಬ್ಬಂದಿ. "ಸುಳ್ಳು ಹೇಗಮ್ಮ ಆಗತ್ತೆ? ಕಿವಿಗೊಟ್ಟು ಕೇಳಿ."

ಕೇಳಿದಳು. ವರದಿ ಅಕ್ಷರಶಃ ನಿಜವಾಗಿತ್ತು.

ಬೆಟ್ಟ ಇಳಿಯುವಾಗ ಮೇಷ್ಟ್ರ ಕಿವಿಯಲ್ಲಿ ಕಹಳೆ ಮತ್ತೆ ಶುರುವಾಯಿತು. ನಿಯಮದಂತೆ ಉಪಕರಣವನ್ನು ಒಪ್ಪಿಸಲು ನೇರ ಕಚೇರಿಗೆ ಬಂದರೆ, ಒಪ್ಪಿಸಿಕೊಳ್ಳಲು ಯಾರೂ ಇರಲಿಲ್ಲ. ಫೋನು, ಮೊಹರು, ಗೋಡೆ ಗಡಿಯಾರ ಎಲ್ಲವೂ ಸರೋವರಕ್ಕೆ ಹೋಗಿದ್ದವು. ದಾಖಲೆ ಕೊಠಡಿಯ ಒಂದು ಬೀರುವನ್ನೂ ಒಯ್ದಿದ್ದರು. ಅದರ ಹಿಂದೆ, ಕಟ್ಟಡ ಕಟ್ಟಿದಾಗಿನಿಂದ ಯಾರೂ ನೋಡಿರದ ಒಂದು ಕಿಟಕಿಯಿತ್ತು. ಕಿಟಕಿಯ ತುಂಬ ಬೆಟ್ಟ.

ಮೇಷ್ಟ್ರು ಕಿವಿಯ ಮೇಲೆ ಕೈಯಿಟ್ಟು ನಿಂತರು. ಅವಳು ಕಾರಿನಿಂದ ಡೇರೆ ತಂದಳು. ಹಗ್ಗಗಳನ್ನು ಬಾಕಿ ಕಡತಗಳ ಕಟ್ಟುಗಳಿಗೆ ಬಿಗಿದಳು. ಅವು ಜಪ್ಪಯ್ಯ ಎಂದರೂ ಅಲುಗಾಡುವುದಿಲ್ಲವೆಂದು ಹದಿನೆಂಟು ವರ್ಷದಿಂದ ಕಂಡಿದ್ದಳು. ಏಳು ದಿನ ಇಬ್ಬರೂ ಅಲ್ಲಿದ್ದರು. ಎಂಟನೇ ದಿನ ಮೇಷ್ಟ್ರಿಗೆ ಪಕ್ಕದ ಕೋಣೆಯಲ್ಲಿ ಜಿರಳೆ ನಡೆದದ್ದು ಕೇಳಿಸಿತು.

ಅವಳು ಈ ಸಲ ಸುಳ್ಳು ಬೇಡ, ಕೆಲಸ ಹೋದರೆ ಹೋಗಲಿ ಎಂದುಕೊಂಡು ಪೂರಕ ವರದಿ ಬರೆದಳು: "ಹನ್ನೆರಡನೇ ತಾಣ: ನಮ್ಮ ಕಚೇರಿ. ಸದ್ದಿಲ್ಲ. ನೋಟ ಅತ್ಯುತ್ತಮ."

ಮೂರೇ ದಿನದಲ್ಲಿ ಅನುಮೋದನೆ ಬಂತು, ಪ್ರಶಂಸಾಪತ್ರದ ಸಮೇತ. ಷರತ್ತು ಒಂದೇ: ಪ್ರಶಾಂತತೆಗೆ ಭಂಗ ಬಾರದಂತೆ ಸಿಬ್ಬಂದಿ ಕಚೇರಿಯೊಳಗೆ ಕಾಲಿಡತಕ್ಕದ್ದಲ್ಲ. ಕಾರುಗಳು ಬರತೊಡಗಿದವು. ವೆರಾಂಡದಲ್ಲಿ ಡೇರೆಗಳೆದ್ದವು. ಅವಳು ಬಾಗಿಲಲ್ಲಿ ಕೂತು ಪಿಸುಮಾತಿನಲ್ಲಿ ಜಾಗ ಹಂಚತೊಡಗಿದಳು.

ತಿಂಗಳ ಮೇಲೆ ಅಧೀಕ್ಷಕರು ಬಂದರು. ಗಂಟಲು ಕೂತುಹೋಗಿತ್ತು, ಕಣ್ಣು ಕೆಂಪಾಗಿತ್ತು.

"ಚಪ್ಪಲಿ ಹೊರಗೆ ಬಿಡಿ ಸಾರ್."

"ನನ್ನ ಕೊಠಡಿ?"

"ಒಂದು ಸಂಸಾರ ಇಳ್ಕೊಂಡಿದೆ. ಭಾನುವಾರ ಖಾಲಿ ಆಗತ್ತೆ."

"ಗದ್ದಲ ಅಡಗಿಸೋದು ಅಂದ್ರೆ ಸುಮ್ನೆ ಅಲ್ಲಮ್ಮ, ತಲೆ ಸಿಡೀತಿದೆ," ಎಂದ ಅಧೀಕ್ಷಕರು ಅರ್ಜಿ ನಮೂನೆ ತುಂಬಿ, ತಮ್ಮದೇ ಮೇಜಿನ ಕೆಳಗೆ ಭಾನುವಾರದಿಂದ ಎರಡು ದಿನಕ್ಕೆ ಜಾಗ ಕಾಯ್ದಿರಿಸಿದರು. ಕಿಟಕಿಯ ಪಕ್ಕ ಸಿಗುವುದೇ ಎಂದು ವಿಚಾರಿಸಿದರು. ಅದು ಮೇಲಧಿಕಾರಿಗಳಿಗೆ ಮೀಸಲೆಂದು ಅವಳು ತಿಳಿಸಿದಾಗ, ಅದು ನ್ಯಾಯವೇ ಎಂದು ಒಪ್ಪಿ, ತುದಿಗಾಲಿನಲ್ಲಿ ಮೆಟ್ಟಿಲಿಳಿದು, ಧ್ವನಿವರ್ಧಕ ತೆಗೆದುಕೊಂಡು ಸರೋವರಕ್ಕೆ ಹೊರಟರು.